ಎದೆಯುರಿ, ಸೋಡಾ ಮತ್ತು ಎರಡು ತಾಸಿನ ಅಂತರ

ಸಂಜೆಯ ಹೊತ್ತು ಕೊಪ್ಪಳ ಸೀಮೆಯ ಯಾವ ಊರಿನ ಬಸ್ ನಿಲ್ದಾಣದಲ್ಲಿ ಇಳಿದರೂ ಮೊದಲು ಎದುರುಗೊಳ್ಳುವುದು ಕಾದ ಎಣ್ಣೆಯ ವಾಸನೆ. ಕಡಲೆಹಿಟ್ಟಿನಲ್ಲಿ ಅದ್ದಿದ ಉದ್ದನೆಯ ಮೆಣಸಿನಕಾಯಿ ಬಾಣಲೆಗೆ ಬಿದ್ದು ಉಬ್ಬುತ್ತಿರುತ್ತದೆ. ಪಕ್ಕದಲ್ಲೇ ಮಂಡಾಳು ಒಗ್ಗರಣೆಯ ರಾಶಿ. ಕುಕನೂರು ತಾಲ್ಲೂಕಿನ ಮಂಗಳೂರು ಕೂಡ ಇದಕ್ಕೆ ಹೊರತಲ್ಲ. ಇದು ಕಡಲ ತಡಿಯ ಮಂಗಳೂರಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ, ಜೋಳದ ಹೊಲಗಳ ನಡುವಿನ ಊರು. ಜಿಲ್ಲೆಯ ದೊಡ್ಡ ಜಾತ್ರೆಯಾದ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹದಲ್ಲಿಯೂ ಈಚಿನ ವರ್ಷಗಳಲ್ಲಿ ಮಿರ್ಚಿ ಲಕ್ಷಗಟ್ಟಲೆ ಕರಿಯಲ್ಪಡುತ್ತದೆ ಎಂದರೆ, ಈ ಖಾದ್ಯಕ್ಕೂ ಈ ನೆಲಕ್ಕೂ ಇರುವ ನಂಟು ತಿಳಿಯುತ್ತದೆ.

ಮಿರ್ಚಿ ಹಗುರಾಗಿ ಉಬ್ಬಲೆಂದು ಹಿಟ್ಟಿಗೆ ಒಂದು ಚಿಟಿಕೆ ಸೋಡಾ ಹಾಕುತ್ತಾರೆ. ತಿಂದವರಿಗೆ ರಾತ್ರಿ ಎದೆ ಉರಿದರೆ, ಹುಳಿತೇಗು ಬಂದರೆ, ನೀರಿಗೆ ಹಾಕಿ ಕುಡಿಯುವುದೂ ಅದೇ ಸೋಡಾವನ್ನು. ಅದೂ ಸಾಲದಿದ್ದರೆ ಅಂಗಡಿಗೆ ಹೋಗಿ ‘ಗ್ಯಾಸ್ ಆಗೇತ್ರಿ, ಒಂದು ಗುಳಿಗಿ ಕೊಡ್ರಿ’ ಎಂದರಾಯಿತು. ವೈದ್ಯರ ಚೀಟಿ ಬೇಡ, ಹೆಚ್ಚು ಹಣವೂ ಬೇಡ. ಹೊಟ್ಟೆಯ ಹುಳಿಯನ್ನು ತಣಿಸುವ ಈ ಔಷಧಿಗಳಿಗೆ ಆಮ್ಲಶಾಮಕ ಅಥವಾ ಆಂಟಾಸಿಡ್ ಎಂದು ಹೆಸರು. ಮನೆಯಲ್ಲಿರುವ ಔಷಧಿಗಳಲ್ಲೆಲ್ಲ ಅತ್ಯಂತ ಸಾಧುವಾದದ್ದು ಎಂದು ಜನ ನಂಬಿರುವುದು ಇದನ್ನೇ.

ಆದರೆ ಇದರ ಚರಿತ್ರೆಯನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಆಂಟಾಸಿಡ್ ಉರಿಯನ್ನು ಆರಿಸುತ್ತದೆ ನಿಜ, ಉರಿಯ ಕಾರಣವನ್ನು ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ಹೊಟ್ಟೆಯಲ್ಲಿ ತನ್ನ ಜೊತೆಗೆ ಬಂದ ಇನ್ನೊಂದು ಔಷಧಿಯನ್ನು ಅದು ಸದ್ದಿಲ್ಲದೆ ನಿಷ್ಫಲಗೊಳಿಸಬಲ್ಲುದು. ಈ ಎರಡು ಸಂಗತಿಗಳನ್ನು ಅರಿಯಲು ವೈದ್ಯಲೋಕಕ್ಕೇ ಬಹಳ ಕಾಲ ಬೇಕಾಯಿತು.

ಹೊಟ್ಟೆಗೊಂದು ಕಿಟಕಿ

ಜಠರದಲ್ಲಿ ಹುಳಿ ಇದೆ ಎಂಬುದು ಬಹಳ ಹಿಂದೆಯೇ ಗೊತ್ತಿತ್ತು. ಆ ಹುಳಿ ಯಾವುದು ಎಂಬುದೇ ಪ್ರಶ್ನೆಯಾಗಿತ್ತು. 1824ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ಅದು ಹೈಡ್ರೋಕ್ಲೋರಿಕ್ ಆಮ್ಲವೆಂದು ತೋರಿಸಿಕೊಟ್ಟ. ಲೋಹವನ್ನು ಕರಗಿಸಬಲ್ಲ ಆಮ್ಲ ಮನುಷ್ಯನ ಹೊಟ್ಟೆಯೊಳಗೆ ಇದೆಯೆಂದರೆ ಯಾರು ನಂಬಿಯಾರು?

ನಂಬಿಸುವ ಸಾಕ್ಷ್ಯ ಅಮೆರಿಕದಿಂದ ಬಂತು. 1822ರ ಜೂನ್‌ನಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಕಾರನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದ. ಗಾಯ ಮಾಯಿತಾದರೂ ಹೊಟ್ಟೆಗೆ ಬಿದ್ದ ತೂತು ಮುಚ್ಚಲಿಲ್ಲ. ಬೋಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ಚೂರುಗಳನ್ನು ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಟ್ಟು, ಎಷ್ಟು ಹೊತ್ತಿಗೆ ಕರಗುತ್ತವೆ ಎಂದು ನೋಡಿದ. ವರ್ಷಗಟ್ಟಲೆ ನಡೆದ ಈ ಪ್ರಯೋಗಗಳನ್ನು 1833ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅನ್ನ ಅರಗುವುದು ರಾಸಾಯನಿಕ ಕ್ರಿಯೆ ಎಂಬುದು ಅಲ್ಲಿಗೆ ಸ್ಥಿರಪಟ್ಟಿತು.

ಜಠರ ದಿನಕ್ಕೆ ಸುಮಾರು ಎರಡು ಲೀಟರ್ ರಸ ಸುರಿಸುತ್ತದೆ ಎಂದು ಇಂದು ತಿಳಿದಿದೆ. ಜಠರದ ಒಳಪದರ ಆ ಹುಳಿಯನ್ನು ತಡೆದುಕೊಳ್ಳುತ್ತದೆ. ಅನ್ನನಾಳಕ್ಕೆ ಆ ಶಕ್ತಿ ಇಲ್ಲ. ಎರಡೂ ಸೇರುವಲ್ಲಿ ಇರುವ ಸ್ನಾಯುವಿನ ಬಿಗಿ ಸಡಿಲಗೊಂಡಾಗ ಹುಳಿ ಮೇಲಕ್ಕೆ ಚಿಮ್ಮುತ್ತದೆ. ಅದೇ ಎದೆಯುರಿ. ಹೃದಯಕ್ಕೂ ಅದಕ್ಕೂ ಸಂಬಂಧವಿಲ್ಲ. ಎಣ್ಣೆ ಪದಾರ್ಥ, ತಂಬಾಕು, ಮದ್ಯ, ಹೊಟ್ಟೆ ಬಿರಿಯುವ ಊಟ, ಉಂಡ ಕೂಡಲೇ ಮಲಗುವುದು – ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ.

ಶಂಖದಿಂದ ಸೋಡಾದವರೆಗೆ

ಆಮ್ಲದ ಹೆಸರು ತಿಳಿಯುವ ಎಷ್ಟೋ ಮೊದಲೇ ಮದ್ದು ಸಿಕ್ಕಿತ್ತು. ಆಯುರ್ವೇದದಲ್ಲಿ ಈ ಬೇನೆಗೆ ಆಮ್ಲಪಿತ್ತ ಎಂದು ಹೆಸರು. ಕಾಶ್ಯಪ ಸಂಹಿತೆ ಮತ್ತು ಮಾಧವನಿದಾನಗಳು ಇದನ್ನು ಪ್ರತ್ಯೇಕ ರೋಗವಾಗಿ ವಿವರಿಸಿವೆ. ಚಿಕಿತ್ಸೆಗೆ ಬಳಕೆಯಾದವುಗಳಲ್ಲಿ ಶಂಖ, ಕವಡೆ, ಹವಳ, ಮುತ್ತಿನ ಚಿಪ್ಪುಗಳಿಂದ ತಯಾರಾದ ಭಸ್ಮ, ಪಿಷ್ಟಿಗಳು ಮುಖ್ಯವಾದವು. ಬೆಲೆಯಲ್ಲಿ ಶಂಖಕ್ಕೂ ಮುತ್ತಿಗೂ ಅಜಗಜಾಂತರವಿರಬಹುದು. ರಸಾಯನಶಾಸ್ತ್ರದ ಕಣ್ಣಿಗೆ ಇವೆಲ್ಲವೂ ಮುಖ್ಯವಾಗಿ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಹಲವು ಆಂಟಾಸಿಡ್ ಗುಳಿಗೆಗಳಲ್ಲಿ ಇರುವುದೂ ಅದೇ.

ಸ್ವಾತಂತ್ರ್ಯಾನಂತರದವರೆಗೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳಲ್ಲಿ ಆಯುರ್ವೇದದ ಜೊತೆಗೆ ಯುನಾನಿ ಹಕೀಮರ ಮದ್ದೂ ನಡೆಯುತ್ತಿತ್ತು. 1920ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ‘ಜಿಂದಾ ತಿಲಿಸ್ಮಾತ್’ ನೆಗಡಿಯಿಂದ ಹಿಡಿದು ಹೊಟ್ಟೆನೋವಿನವರೆಗೆ ಎಲ್ಲಕ್ಕೂ ಮನೆಮದ್ದಾಗಿ ಹಳ್ಳಿಗಳನ್ನು ತಲುಪಿತು. ಮನೆಯ ಮಟ್ಟಿಗೆ ಓಂಕಾಳು, ಜೀರಿಗೆ ಕಷಾಯ, ಮಜ್ಜಿಗೆ ಇದ್ದೇ ಇದ್ದವು. ಮಿರ್ಚಿಯ ಹೊಟ್ಟೆಯೊಳಗೆ ಓಂಕಾಳು ತುಂಬುವುದರ ಹಿಂದೆಯೂ ಇದೇ ತಿಳಿವಳಿಕೆ ಇರುವಂತಿದೆ.

ಇತ್ತ ಯೂರೋಪಿನಲ್ಲಿ ಐರ್ಲೆಂಡಿನ ವೈದ್ಯ ಜೇಮ್ಸ್ ಮರ್ರೆ 1829ರಲ್ಲಿ ಅಲ್ಲಿನ ರಾಜಪ್ರತಿನಿಧಿಯ ಹೊಟ್ಟೆಬೇನೆಗೆ ಮೆಗ್ನೀಷಿಯದ ದ್ರವ ಕುಡಿಸಿ ಹೆಸರಾದ. 1873ರಲ್ಲಿ ಅಮೆರಿಕದ ಚಾರ್ಲ್ಸ್ ಫಿಲಿಪ್ಸ್ ಹಾಲಿನಂತೆ ಬೆಳ್ಳಗಿದ್ದ ಮೆಗ್ನೀಷಿಯಂ ಹೈಡ್ರಾಕ್ಸೈಡ್ ದ್ರವಕ್ಕೆ ಪೇಟೆಂಟ್ ಪಡೆದ. ‘ಮಿಲ್ಕ್ ಆಫ್ ಮೆಗ್ನೀಷಿಯಾ’ ಎಂದು ಪ್ರಸಿದ್ಧವಾದದ್ದು ಅದೇ. ಇಂಗ್ಲೆಂಡಿನ ಬಂದರು ಪಟ್ಟಣ ನ್ಯೂಕಾಸಲ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಜೇಮ್ಸ್ ಕ್ರಾಸ್ಲಿ ಈನೋ 19ನೆಯ ಶತಮಾನದ ಮಧ್ಯಭಾಗದಲ್ಲಿ ಹಣ್ಣಿನ ಹುಳಿ ಮತ್ತು ಸೋಡಾ ಸೇರಿಸಿ ನೊರೆಯುಕ್ಕುವ ಪುಡಿಯೊಂದನ್ನು ಮಾಡಿದ. ನಾವಿಕರ ಮೂಲಕ ಅದು ದೇಶದೇಶಗಳಿಗೆ ಹೋಯಿತು. ಭಾರತದಲ್ಲಿ ಇಂದು ಅದೇ ಪುಡಿ ಆಯುರ್ವೇದ ಔಷಧಿಯಾಗಿ ಮಾರಾಟವಾಗುತ್ತಿರುವುದು ಕುತೂಹಲದ ಸಂಗತಿ. ಪೊಟ್ಟಣದ ಮೇಲೆ ಸೋಡಾಕ್ಕೆ ‘ಸ್ವರ್ಜಿಕ್ಷಾರ’ ಎಂಬ ಸಂಸ್ಕೃತ ಹೆಸರಿದೆ.

ಹೆಸರು ಯಾವುದಾದರೂ ಇರಲಿ, ಗುಣ ಬದಲಾಗದು. ಒಂದು ಗ್ರಾಂ ಅಡುಗೆ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮಿತಿ ದಿನಕ್ಕೆ ಎರಡು ಗ್ರಾಂ ಸೋಡಿಯಂ. ತುಂಬಿದ ಒಂದು ಚಹಾ ಚಮಚ ಸೋಡಾದಲ್ಲೇ ಅದರ ಅರ್ಧಕ್ಕಿಂತ ಹೆಚ್ಚು ಹೊಟ್ಟೆ ಸೇರುತ್ತದೆ. ರಕ್ತದೊತ್ತಡಕ್ಕೆಂದು ಸಾರಿನಲ್ಲಿ ಉಪ್ಪು ಕಡಿಮೆ ಮಾಡಿದವರು ಎದೆಯುರಿಗೆಂದು ಸೋಡಾ ಕುಡಿದರೆ, ಬಾಗಿಲಲ್ಲಿ ತಡೆದದ್ದನ್ನು ಕಿಟಕಿಯಲ್ಲಿ ಬಿಟ್ಟುಕೊಂಡಂತೆ. ಹೊಟ್ಟೆ ಬಿರಿಯುವಷ್ಟು ಉಂಡ ಮೇಲೆ ಸೋಡಾ ಕುಡಿಯುವುದೂ ಸಲ್ಲದು. ಒಮ್ಮೆಗೇ ಹುಟ್ಟುವ ಗಾಳಿಯಿಂದ ಜಠರವೇ ಒಡೆದ ಅಪರೂಪದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಮೈಸೂರಿನ ಶಸ್ತ್ರವೈದ್ಯನ ನಕ್ಷೆ

ಎದೆಯುರಿ ಒಂದು ಬಗೆಯಾದರೆ ಹುಣ್ಣು ಇನ್ನೊಂದು. ಇಪ್ಪತ್ತನೆಯ ಶತಮಾನದ ಬಹುಭಾಗ ದಕ್ಷಿಣ ಭಾರತವನ್ನು ಕಾಡಿದ್ದು ಸಣ್ಣ ಕರುಳಿನ ಮೊದಲ ಭಾಗದಲ್ಲಿ ಆಗುವ ಹುಣ್ಣು. ಈ ಕಥೆಯಲ್ಲಿ ಕರ್ನಾಟಕಕ್ಕೆ ಒಂದು ಮುಖ್ಯ ಸ್ಥಾನವಿದೆ.

ಮೈಸೂರಿನ ಜನ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಆರಂಭವಾಯಿತು. 1950 ಮತ್ತು 60ರ ದಶಕಗಳಲ್ಲಿ ಅಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಅವರ ಮುಂದೆ ಹುಣ್ಣಿನ ರೋಗಿಗಳು ಬರುತ್ತಲೇ ಇದ್ದರು. ಇಷ್ಟೊಂದು ಹುಣ್ಣು ಇಲ್ಲಿಯೇ ಏಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೂ ಅದರ ಬೆನ್ನು ಹತ್ತಿದರು. 1979ರಲ್ಲಿ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಭೂಗೋಳವನ್ನೇ ಅವರು ಬಿಡಿಸಿಟ್ಟರು. ಅಕ್ಕಿ ಉಣ್ಣುವ ದಕ್ಷಿಣ ಮತ್ತು ಪೂರ್ವದಲ್ಲಿ ಹುಣ್ಣು ಹೆಚ್ಚು, ಗೋಧಿ ಉಣ್ಣುವ ವಾಯವ್ಯದಲ್ಲಿ ಕಡಿಮೆ ಎಂಬುದು ಅದರ ಸಾರ. ಮರುವರ್ಷ ಎ.ಪಿ. ಜಯರಾಜ್ ಮತ್ತಿತರರೊಡನೆ ಪ್ರಕಟಿಸಿದ ಇನ್ನೊಂದು ಲೇಖನದಲ್ಲಿ, ಇಲಿಗಳ ಮೇಲೆ ಆಹಾರಧಾನ್ಯಗಳನ್ನು ಪ್ರಯೋಗಿಸಿ ಹುಣ್ಣನ್ನು ತಡೆಯುವ ಗುಣ ಯಾವುದಕ್ಕಿದೆ ಎಂದು ಹುಡುಕಿದರು. ಆ ಗುಣ ಎದ್ದು ಕಂಡ ಕಾಳುಗಳಲ್ಲಿ ಒಂದು ಹುರುಳಿ, ಬಯಲುಸೀಮೆಯ ಬಡವರ ಕಾಳು.

ಕೊಪ್ಪಳ ಜಿಲ್ಲೆಯ ಓದುಗರಿಗೆ ಈ ನಕ್ಷೆ ಹತ್ತಿರದ್ದಾಗಿ ಕಂಡರೆ ಆಶ್ಚರ್ಯವಿಲ್ಲ. ತುಂಗಭದ್ರೆಯ ನಾಲೆ ಬಂದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಯಲಬುರ್ಗಾ, ಕುಷ್ಟಗಿ, ಕುಕನೂರಿನ ಕಡೆ ಜೋಳದ ರೊಟ್ಟಿ ಉಳಿಯಿತು. ಆದರೆ ಇಲಿಗಳ ಮೇಲಿನ ಪ್ರಯೋಗವನ್ನು ನೆಚ್ಚಿ ಹುರುಳಿಯನ್ನೇ ಔಷಧಿ ಎಂದು ತಿಳಿಯಬಾರದು. ಟೋವಿ ಅವರ ದುಡಿಮೆಯ ಮಹತ್ವ ಇರುವುದು, ಹುಣ್ಣಿಗೆ ಬರೀ ಹುಳಿಯೇ ಕಾರಣವಲ್ಲ ಎಂಬ ಸೂಚನೆಯಲ್ಲಿ.

ಅಂದಿನ ವೈದ್ಯಶಾಸ್ತ್ರ ‘ಹುಳಿಯಿಲ್ಲದೆ ಹುಣ್ಣಿಲ್ಲ’ ಎಂಬ ಸೂತ್ರಕ್ಕೆ ಕಟ್ಟುಬಿದ್ದಿತ್ತು. 1910ರಲ್ಲಿ ಕಾರ್ಲ್ ಶ್ವಾರ್ಟ್ಸ್ ಹೇಳಿದ ಮಾತು ಅದು. 1982ರಲ್ಲಿ ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೊಟ್ಟೆಯಲ್ಲಿ ಬದುಕಬಲ್ಲ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಇನ್ನೊಂದು ಪ್ರಮುಖ ಕಾರಣ ನೋವಿನ ಮಾತ್ರೆ. ಸೊಂಟನೋವು, ಮೊಣಕಾಲುನೋವಿಗೆಂದು ದಿನವೂ ಮಾತ್ರೆ ನುಂಗಿ, ಅದರಿಂದಾದ ಉರಿಗೆ ಆಂಟಾಸಿಡ್ ಕುಡಿಯುವವರು ಊರೂರಿನಲ್ಲಿದ್ದಾರೆ. ಉರಿ ಅಡಗುತ್ತದೆ, ಹುಣ್ಣು ಒಳಗೊಳಗೇ ಬೆಳೆಯುತ್ತದೆ.

ಜ್ವರ ಇಳಿಯಲಿಲ್ಲವೇಕೆ?

ಆಂಟಾಸಿಡ್‌ನ ಅತಿಬಳಕೆಯ ಪಾಠ ಮೊದಲು ಸಿಕ್ಕಿದ್ದು ಷಿಕಾಗೋದಲ್ಲಿ. 1915ರಲ್ಲಿ ಅಲ್ಲಿನ ವೈದ್ಯ ಬರ್ಟ್ರಮ್ ಸಿಪ್ಪಿ ಹುಣ್ಣಿನ ರೋಗಿಗಳಿಗೆ ಗಂಟೆಗೊಮ್ಮೆ ಹಾಲು–ಕೆನೆ, ನಡುನಡುವೆ ಕ್ಷಾರದ ಪುಡಿ ಕೊಡುವ ಕ್ರಮವನ್ನು ಜಾರಿಗೆ ತಂದ. ನೋವು ಶಮನವಾಯಿತು, ಕ್ರಮ ಜನಪ್ರಿಯವಾಯಿತು. 1923ರ ಹೊತ್ತಿಗೆ ಕೆಲವರಲ್ಲಿ ವಾಂತಿ, ತಲೆನೋವು, ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡದ್ದು ವರದಿಯಾಯಿತು. ಹಾಲು, ಕ್ಷಾರ ಎರಡೂ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರ ಫಲವದು.

ಎರಡನೆಯ ಪಾಠ ಇನ್ನೂ ಮಹತ್ವದ್ದು. 1948ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ ಆರಿಯೋಮೈಸಿನ್ ಎಂಬ ಹೊಸ ಆಂಟಿಬಯಾಟಿಕ್ ಹೊರಬಂತು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧಿ ಅದು. ಬೆಂಜಮಿನ್ ಡಗ್ಗರ್ ಅದನ್ನು ಕಂಡುಹಿಡಿದಾಗ ಆ ಪ್ರಯೋಗಾಲಯದ ಸಂಶೋಧನೆಯ ನೇತೃತ್ವ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರದಾಗಿತ್ತು. ಆ ಔಷಧಿ ಹೊಟ್ಟೆ ತೊಳಸುತ್ತಿದ್ದುದರಿಂದ ವೈದ್ಯರು ಜೊತೆಗೆ ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಆಂಟಾಸಿಡ್ ಕೊಡತೊಡಗಿದರು. ತೊಳಸುವುದೇನೋ ಕಡಿಮೆಯಾಯಿತು. ಆದರೆ ಔಷಧಿ ರಕ್ತಕ್ಕೆ ಸೇರುವುದೇ ತಗ್ಗಿಹೋಗಿದೆ ಎಂದು 1950ರಲ್ಲಿ ಸಂಶೋಧಕರು ವರದಿ ಮಾಡಿದರು. ಅಲ್ಯುಮಿನಿಯಂ ಔಷಧಿಯನ್ನು ಹಿಡಿದು ಕಟ್ಟಿಹಾಕುತ್ತಿತ್ತು. ರೋಗಿ ಮಾತ್ರೆ ನುಂಗಿದ್ದ, ಆದರೆ ಅದು ಮೈಗೆ ಹತ್ತಿರಲಿಲ್ಲ.

ಮೂರು ಬಗೆಯಲ್ಲಿ ಆಂಟಾಸಿಡ್ ಹೀಗೆ ಅಡ್ಡಬರುತ್ತದೆ. ಕೆಲವು ಔಷಧಿಗಳನ್ನು ಅದು ಹಿಡಿದು ಕಟ್ಟುತ್ತದೆ. ಕರಗಲು ಹುಳಿಯೇ ಬೇಕಾದ ಔಷಧಿಗಳಿಗೆ ಹುಳಿ ಸಿಗದಂತೆ ಮಾಡುತ್ತದೆ. ಹೊಟ್ಟೆ ದಾಟಿ ಕರುಳಿನಲ್ಲಿ ಕರಗಲೆಂದು ಪೊರೆ ಹಚ್ಚಿದ ಮಾತ್ರೆಗಳ ಪೊರೆಯನ್ನು ಹೊಟ್ಟೆಯಲ್ಲೇ ಕರಗಿಸಿಬಿಡುತ್ತದೆ.

ಕಬ್ಬಿಣಾಂಶದ ಕೆಂಪು ಗುಳಿಗೆ

ಈ ಪಾಠ ಹಳ್ಳಿಯ ಬದುಕಿಗೆ ಎಲ್ಲಿ ತಾಗುತ್ತದೆ? ಗರ್ಭಿಣಿಯರಿಗೆ ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನೇ ನೋಡಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೆಂದೇ ಆಶಾ ಕಾರ್ಯಕರ್ತೆಯರು ಮನೆಮನೆಗೆ ಗುಳಿಗೆ ತಲುಪಿಸುತ್ತಾರೆ. ಗುಳಿಗೆ ನುಂಗಿದರೆ ಕೆಲವರಿಗೆ ಹೊಟ್ಟೆ ಉರಿಯುತ್ತದೆ. ಬಸುರಿನಲ್ಲಿ ಎದೆಯುರಿ ಹೇಗೂ ಇದ್ದದ್ದೇ. ಹಾಗಾಗಿ ಗುಳಿಗೆಯ ಜೊತೆಯಲ್ಲೇ ಒಂದು ಚಮಚ ಆಂಟಾಸಿಡ್ ಕುಡಿಯುವುದು ಸಹಜವೆನಿಸುತ್ತದೆ.

ಪರಿಣಾಮ? ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ಬೇಕು. ಹುಳಿಯನ್ನೇ ಆರಿಸಿದ ಮೇಲೆ ಗುಳಿಗೆಯ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ತಿಂಗಳುಗಟ್ಟಲೆ ತಪ್ಪದೆ ಗುಳಿಗೆ ನುಂಗಿದ ಗರ್ಭಿಣಿಯ ರಕ್ತದ ಪ್ರಮಾಣ ಏರುವುದಿಲ್ಲ. ತಪ್ಪು ಅವಳದೂ ಅಲ್ಲ, ಗುಳಿಗೆಯದೂ ಅಲ್ಲ. ಎರಡನ್ನೂ ಒಂದೇ ಗುಟುಕಿನಲ್ಲಿ ನುಂಗಿದ್ದರದು. ಗರ್ಭಿಣಿಯರಿಗೆ ಕೊಡುವ ಕ್ಯಾಲ್ಸಿಯಂ ಗುಳಿಗೆಯನ್ನು ಕಬ್ಬಿಣಾಂಶದ ಗುಳಿಗೆಯ ಜೊತೆ ನುಂಗಬಾರದು, ನಡುವೆ ಎರಡು ತಾಸು ಬಿಡಬೇಕು ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಆಂಟಾಸಿಡ್‌ಗೂ ಅದೇ ಮಾತು ಅನ್ವಯ. ಬಸುರಿನಲ್ಲಿ ಅಡುಗೆ ಸೋಡಾ ಕುಡಿಯದಿರುವುದೇ ಮೇಲು. ಯಾವ ಆಂಟಾಸಿಡ್ ಆದೀತೆಂದು ವೈದ್ಯರನ್ನು ಕೇಳಬೇಕು.

ಉಳಿದ ಔಷಧಿಗಳ ಮಾತೂ ಹೀಗೆಯೇ. ಡಾಕ್ಸಿಸೈಕ್ಲಿನ್‌ಗೆ ಎರಡು–ಮೂರು ತಾಸಿನ ಅಂತರ ಬೇಕು. ಸಿಪ್ರೊಫ್ಲಾಕ್ಸಾಸಿನ್ ಮತ್ತು ಎಚ್‌ಐವಿ ಚಿಕಿತ್ಸೆಯಲ್ಲಿ ಈಗ ಬಳಸುವ ಡೊಲುಟೆಗ್ರಾವಿರ್‌ಗಳನ್ನು ಆಂಟಾಸಿಡ್‌ಗೆ ಎರಡು ತಾಸು ಮೊದಲು ಇಲ್ಲವೇ ಆರು ತಾಸು ನಂತರ ತೆಗೆದುಕೊಳ್ಳಬೇಕು. ಥೈರಾಯ್ಡ್ ಮಾತ್ರೆಗೆ ನಾಲ್ಕು ತಾಸಿನ ಅಂತರ ಅಗತ್ಯ. ಕ್ಷಯದ ಔಷಧಿ ಐಸೋನಿಯಜಿಡ್ ಅನ್ನು ಆಂಟಾಸಿಡ್‌ಗೆ ಕನಿಷ್ಠ ಒಂದು ತಾಸು ಮೊದಲೇ ನುಂಗಬೇಕು. ಕ್ಷಯದ ಔಷಧಿ ಅರೆಬರೆಯಾಗಿ ಮೈಗೆ ಸೇರಿದರೆ ಆಗುವ ಹಾನಿ ರೋಗಿಯೊಬ್ಬನಿಗೇ ಸೀಮಿತವಲ್ಲ. ನೆನಪಿಡಲು ಸುಲಭವಾದ ಸೂತ್ರ ಇಷ್ಟೇ: ಆಂಟಾಸಿಡ್‌ಗೂ ಬೇರೆ ಯಾವುದೇ ಔಷಧಿಗೂ ನಡುವೆ ಎರಡು ತಾಸು ಇರಲಿ, ಹೆಚ್ಚು ಬೇಕಾದವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಆಂಟಾಸಿಡ್‌ಗಳೊಳಗೂ ಭೇದವಿದೆ. ಅಲ್ಯುಮಿನಿಯಂ ಮಲಬದ್ಧತೆ ತಂದರೆ ಮೆಗ್ನೀಷಿಯಂ ಭೇದಿ ಮಾಡಿಸುತ್ತದೆ. ಗುಲಾಬಿ ಬಣ್ಣದ ಸೀಸೆಗಳಲ್ಲಿ ಸಾಮಾನ್ಯವಾಗಿ ಎರಡನ್ನೂ ಸೇರಿಸಿರುವುದು ಒಂದರ ದೋಷವನ್ನು ಇನ್ನೊಂದು ಸರಿದೂಗಿಸಲೆಂದು. ಮೂತ್ರಪಿಂಡ ಕೆಟ್ಟವರಲ್ಲಿ ಇವೆರಡೂ ದೇಹದಲ್ಲೇ ಉಳಿದು ವಿಷವಾಗಬಹುದು. ಅವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬರಿಹೊಟ್ಟೆಯಲ್ಲಿ ಆಂಟಾಸಿಡ್‌ನ ಪ್ರಭಾವ ಅರ್ಧ ತಾಸು, ಊಟವಾದ ಒಂದು ತಾಸಿಗೆ ತೆಗೆದುಕೊಂಡರೆ ಮೂರು ತಾಸಿನವರೆಗೂ ಉಳಿಯುತ್ತದೆ.

ಹೊಸ ಔಷಧಿಗಳ ಕಾಲ

1976ರಲ್ಲಿ ಸಿಮೆಟಿಡಿನ್ ಬಂದಾಗ ಹೊಸ ಯುಗವೇ ತೆರೆಯಿತು. ಸುರಿದ ಹುಳಿಯನ್ನು ಆರಿಸುವ ಬದಲು ಹುಳಿ ಸುರಿಯುವುದನ್ನೇ ತಗ್ಗಿಸುವ ಔಷಧಿ ಅದು. ರೂಪಿಸಿದ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಪಡೆದರು. ಅದೇ ವರ್ಷ ಇನ್ನೂ ಬಲವಾದ ಒಮೆಪ್ರಜೋಲ್ ಮಾರುಕಟ್ಟೆಗೆ ಬಂತು. ಸಿಮೆಟಿಡಿನ್‌ನ ತಮ್ಮನಾದ ರಾನಿಟಿಡಿನ್ ಭಾರತದಲ್ಲಿ ಮನೆಮಾತಾಗಿತ್ತು. 2019ರಲ್ಲಿ ಅದರಲ್ಲಿ ಕ್ಯಾನ್ಸರ್‌ಕಾರಕವಾಗಬಲ್ಲ ಕಲ್ಮಶ ಪತ್ತೆಯಾಯಿತು. 2020ರಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು. 2022ರಲ್ಲಿ ಭಾರತ ತನ್ನ ಅಗತ್ಯ ಔಷಧಿಗಳ ಪಟ್ಟಿಯಿಂದ ಕೈಬಿಟ್ಟಿತು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಜೀವಸತ್ವ ಮತ್ತು ಮೆಗ್ನೀಷಿಯಂ ಕೊರತೆ ಕಾಣಿಸಿಕೊಳ್ಳಬಹುದು. ಹೃದ್ರೋಗಕ್ಕೆ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್ ಒಗ್ಗದು. ಹೊಸದಾದರೂ ಹಳೆಯ ಪಾಠವೇ ಇಲ್ಲಿಯೂ ನಡೆಯುತ್ತಿದೆ.

‘ಗ್ಯಾಸ್’ ಅಲ್ಲದಿದ್ದರೆ?

ಎಲ್ಲಕ್ಕಿಂತ ದೊಡ್ಡ ಅಪಾಯ ಔಷಧಿಯಲ್ಲಿಲ್ಲ, ‘ಗ್ಯಾಸ್’ ಎಂಬ ಆ ಒಂದು ಪದದಲ್ಲಿದೆ. ಎದೆ ಹಿಂಡಿದಂತಾಗಿ ನೋವು ಎಡಗೈಗೆ, ದವಡೆಗೆ ಹರಿದರೆ, ಮೈ ಬೆವರಿದರೆ, ಉಸಿರು ಕಟ್ಟಿದರೆ ಅದು ಹೃದಯಾಘಾತವಿರಬಹುದು. ಮಧುಮೇಹಿಗಳಲ್ಲಿ, ಮಹಿಳೆಯರಲ್ಲಿ, ವೃದ್ಧರಲ್ಲಿ ಲಕ್ಷಣಗಳು ಇಷ್ಟು ಸ್ಪಷ್ಟವಾಗಿಯೂ ಇರುವುದಿಲ್ಲ. ಸೋಡಾ ಕುಡಿದು ತೇಗಿಗಾಗಿ ಕಾಯುತ್ತ ಕಳೆದ ಒಂದು ತಾಸು ಜೀವದ ಬೆಲೆಯಾದೀತು. ನುಂಗಲು ಕಷ್ಟ, ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು – ಇವುಗಳಲ್ಲಿ ಯಾವುದು ಕಂಡರೂ ಆಂಟಾಸಿಡ್ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಕಳೆದರೂ ದಿನವೂ ಆಂಟಾಸಿಡ್ ಬೇಕೆನಿಸಿದರೆ ವೈದ್ಯರ ಬಳಿ ಹೋಗುವ ಸಮಯ ಬಂತೆಂದೇ ಅರ್ಥ.

ಹಾಗೆಂದು ಆಂಟಾಸಿಡ್ ಕೆಟ್ಟದ್ದಲ್ಲ, ಮಿರ್ಚಿಯೂ ಅಲ್ಲ. ಹಿಟ್ಟಿಗೆ ಸೋಡಾ ಎಷ್ಟು ಹಾಕಬೇಕೆಂಬುದು ಕರಿಯುವವರಿಗೆ ಚೆನ್ನಾಗಿ ಗೊತ್ತು. ಚಿಟಿಕೆ ಹೆಚ್ಚಾದರೆ ಬಜ್ಜಿ ಎಣ್ಣೆ ಕುಡಿಯುತ್ತದೆ, ಬಾಯಿಗೆ ಸೋಡಾದ ರುಚಿ ಬಡಿಯುತ್ತದೆ. ತಿನ್ನುವವರೂ ಅದೇ ಸೋಡಾವನ್ನು ಮದ್ದೆಂದು ಕುಡಿಯುವಾಗ ಅಷ್ಟೇ ಲೆಕ್ಕ ಇಟ್ಟುಕೊಂಡರೆ ಸಾಕು.